ಬೋಲ್ಟಿನ ಮೇಲಿನ ಕೆಂಪು ಗೆರೆ

ರೀ,

ಕಾರನ್ನು ನನ್ನ ತಮ್ಮನ ಗ್ಯಾರೇಜಿಗೆ ಒಯ್ಯುವ ಮುಂಚೆ ಇದನ್ನು ಓದಿ. ಇವತ್ತು ಬ್ರೇಕ್ ಕೆಲಸ ಮಾತ್ರ ಮಾಡಿಸಿ.

ಆಟೋಮ್ಯಾಟಿಕ್ ಗೇರಿನ ಆಯಿಲ್ ವರ್ಷ ವರ್ಷ ಬದಲಿಸಬೇಕು ಅಂತ ಮತ್ತೆ ರಾಗ ಎಳೆಯುತ್ತಾನೆ. ಅರವತ್ತು ಸಾವಿರ ಕಿಲೋಮೀಟರಿಗೊಮ್ಮೆ ಸಾಕು ಅಂತ ಕಾರಿನ ಪುಸ್ತಕದಲ್ಲೇ ಇದೆ. ನಮ್ಮದು ಅದರ ಅರ್ಧವೂ ಓಡಿಲ್ಲ.

ಹೋದ ಸಲ ಗೇರ್ ಆಯಿಲ್ ಇಳಿಸುವ ಬೋಲ್ಟಿನಿಂದ ಪಕ್ಕದ ಲೋಹದವರೆಗೂ ನನ್ನ ನೇಲ್ ಪಾಲಿಷಿನ ಗೆರೆ ಎಳೆದು ಕಳಿಸಿದ್ದೆ, ಬಿಚ್ಚಿದರೆ ಗೆರೆ ಒಡೆಯಲಿ ಅಂತ. ನಿನ್ನೆ ಬಗ್ಗಿ ನೋಡಿದೆ, ಗೆರೆ ಹಾಗೇ ಇದೆ. ಹಾಗಾದರೆ ಅವತ್ತು ನಿಮಗೆ ಟೀ ಕುಡಿಸಿ, ನಮ್ಮ ಕಾರಿಂದ ಇಳಿಸಿದ್ದು ಅಂತ ಬಾಟಲಿಯಲ್ಲಿ ತೋರಿಸಿ ದುಡ್ಡು ತಗೊಂಡನಲ್ಲ, ಆ ಕರಿ ಆಯಿಲ್ ಯಾರ ಕಾರಿನದು?

ನೀವೇ ಕೇಳಿ. ನಾನು ಕೇಳಿದರೆ ಅವನು "ಅಕ್ಕಾ" ಅಂತಾನೆ, ನಾನು ನಂಬಿಬಿಡುತ್ತೇನೆ.