ಹಚ್ಚದೆ ಉಳಿದ ವಿಭೂತಿ

ಕೆಲ್ಲಿವಿಲ್, ಏಪ್ರಿಲ್ 8, 2025, ಮಂಗಳವಾರ

ಇವತ್ತು ಮಗಳ ಹಣೆಗೆ ವಿಭೂತಿ ಹಚ್ಚಲಿಲ್ಲ. ಡಾಕ್ಟರಾದ ಆಕೆ ಆಸ್ಪತ್ರೆಗೆ ಹೊರಡುವಾಗ ಹಚ್ಚಿ ಕಳಿಸುವುದು ನಮ್ಮ ಯಜಮಾನರ ರೂಢಿಯಾಗಿತ್ತು. ಅವರು ತೀರಿಕೊಂಡ ಮೇಲೆ ನಾನು ಹಚ್ಚುತ್ತಿದ್ದೆ. ಇವತ್ತು ಸಂಧ್ಯಾ ಹೊರಟದ್ದು ಡ್ಯೂಟಿಗಲ್ಲ, ಪಗಾರ ಹೆಚ್ಚಿಸಿರೆಂದು ಈ ಪರದೇಶದ ಸರಕಾರಿ ಆಸ್ಪತ್ರೆಗಳ ಡಾಕ್ಟರುಗಳು ಹೂಡಿರುವ ಮುಷ್ಕರಕ್ಕೆ. ಆದರೂ ಎಂದಿನಂತೆ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತಳು.

“ಜಡ್ಡಿನವರನ್ನ ಬಿಟ್ಟು ಹೋಗಾಕಿಗೆ ಯಾತರ ವಿಭೂತಿ?” ಅಂದೆ.

“ಎಮರ್ಜೆನ್ಸಿಗೆ ಡಾಕ್ಟರ್ ಅದಾರವ್ವಾ,” ಅಂದವಳು ಬರಿಹಣೆಯಲ್ಲೇ ಹೋದಳು.

ಸಂಜೆ ಬಂದು ಶೂ ಬಿಚ್ಚುತ್ತ ಹೇಳಿದಳು: “ಕಡೆಗಾಲಕ್ಕ ಅಪ್ಪನ್ನ ನೋಡಿಕೊಂಡ ಡಾಕ್ಟರ್ ಇವತ್ತು ಮುಷ್ಕರದಾಗ ನನ್ನ ಬಾಜೂಕ ನಿಂತಿದ್ದ. ಈ ಪಗಾರದಾಗ ಸಂಸಾರ ನಡ್ಯಾಂಗಿಲ್ಲಂತ, ಬ್ಯಾರೆ ರಾಜ್ಯಕ್ಕ ಹೊಂಟಾನ.”

ಆ ಹುಡುಗ! ಡ್ಯೂಟಿ ಮುಗಿದರೂ ಮನೆಗೆ ಹೋಗದೆ ಕೊನೆಯವರೆಗೂ ಯಜಮಾನರ ಕೈ ಹಿಡಿದು ಕೂತಿದ್ದ. ದೇವರಂಥವನು ಎಂದು ಅವತ್ತು ಕೈಮುಗಿದೆ. ಅವನಿಗೂ ಮನೆ, ರೆಂಟ್, ಹೊಟ್ಟೆ ಇರುತ್ತವೆಂದು ನನಗೆ ಹೊಳೆಯಲೇ ಇಲ್ಲ.

ಯಜಮಾನರಿದ್ದಿದ್ದರೆ ಏನೂ ಕೇಳದೆ ಹಚ್ಚಿ ಕಳಿಸುತ್ತಿದ್ದರು.

ಈಗಷ್ಟೇ ಬೆರಳಿಗೆ ವಿಭೂತಿ ತೆಗೆದುಕೊಂಡು ಅವಳ ಕೋಣೆಯವರೆಗೆ ಹೋಗಿದ್ದೆ. ಮುಟ್ಟಿದರೆ ಎದ್ದುಬಿಡುತ್ತಾಳೆ. ಅವಳಿಗೆ ಸಿಗುವುದೇ ಇಷ್ಟು ನಿದ್ದೆ. ಹಾಗೇ ಬಂದು ಬರೆಯಲು ಕೂತೆ. ಈ ಪುಟಕ್ಕೆಲ್ಲ ವಿಭೂತಿ ಹತ್ತಿದೆ.