ಅಕ್ಕ ಊದದ ಉಸಿರು

ಸೆಪ್ಟೆಂಬರ್ 3, ಮಂಗಳವಾರ. ರಾತ್ರಿ

ಇವತ್ತೂ ಊದಿಸುವ ಡ್ಯೂಟಿ. ಗರ್ಭಿಣಿಯರ ಓಪಿಡಿ, ಎರಡನೇ ಮೇಜು, ಕಿಟಕಿ ಪಕ್ಕ. ಟಿವಿ ರಿಮೋಟಿನಷ್ಟು ದೊಡ್ಡ ಮೀಟರ್. ಒಬ್ಬೊಬ್ಬರಿಗೂ ಹೊಸ ಕೊಳವೆ. ಉಸಿರು ಎಳೆಯಿರಿ, ಹದಿನೈದು ಎಣಿಸುವವರೆಗೆ ಹಿಡಿಯಿರಿ, ನಿಧಾನ ಊದಿ. ಅಂಕಿ ಬರುತ್ತೆ. ಸಿಗರೇಟಿನ ಹೊಗೆ ಮೈಯೊಳಗೆ ಎಷ್ಟಿದೆ ಅನ್ನುವುದು. ನಾಲ್ಕಕ್ಕಿಂತ ಕಡಿಮೆ ಇದ್ದರೆ ಕಾರ್ಡಿನಲ್ಲಿ ಬರೆದು ಸೈನ್ ಹಾಕಿ ಕಳಿಸುವುದು. ಹೆಚ್ಚಿದ್ದರೆ ಇನ್‌ಚಾರ್ಜ್ ಮೇಡಂಗೆ ತೋರಿಸುವುದು. ಅರ್ಥವಾಗದವರಿಗೆ ನಾವೇ ಒಮ್ಮೆ ಊದಿ ತೋರಿಸಬೇಕು. ಫಸ್ಟ್ ಇಯರ್ ನರ್ಸಿಂಗ್‌ನವರ ಉಸಿರಿಗೆ ಬೆಲೆ ಇಲ್ಲವಲ್ಲ. ನನ್ನದು ಯಾವಾಗಲೂ ಒಂದು.

ಹನ್ನೊಂದು ಗಂಟೆಗೆ ಒಬ್ಬಾಕೆ ಊದಿದಳು. ಹತ್ತೊಂಬತ್ತು. ಗಂಡ ಸೇದ್ತಾನೆ ಅಂದಳು, ಆಮೇಲೆ ಒಲೆ ಹೊಗೆ ಅಂದಳು. ಮೇಡಂ ಕೆಟ್ಟವರಲ್ಲ, ಗಂಟಲು ಮಾತ್ರ ಕಾರಿಡಾರಿನ ಕೊನೆಗೂ ಕೇಳುವಂಥದ್ದು.

“ನಿನಗಾದ್ರೆ ಕಿಟಕಿ ಇದೆ. ಹೊಟ್ಟೇಲಿರೋದಕ್ಕೆ ಎಲ್ಲಿದೆಯಮ್ಮ ಕಿಟಕಿ, ತೆಗೆದು ಹೊಗೆ ಆಚೆ ಬಿಡೋಕೆ?”

ಬೆಂಚಿನ ಮೇಲಿದ್ದವರು ನಕ್ಕರು. ಒಬ್ಬರು ಚ್ಚ್ ಚ್ಚ್ ಅಂದರು. ಆಕೆ ಕಾರ್ಡನ್ನು ನಾಲ್ಕು ಮಡಿಕೆ ಮಡಿಚಿ, ಮಾತ್ರೆಯನ್ನೂ ತೆಗೆದುಕೊಳ್ಳದೆ ಹೋದಳು.

ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಮೇಡಂ ಧ್ವನಿಯಲ್ಲೇ ಇದನ್ನೆಲ್ಲ ಮಿಮಿಕ್ರಿ ಮಾಡಿ ಹೇಳಿದೆ. ಭಾವ ನಕ್ಕೂ ನಕ್ಕೂ ನೆತ್ತಿಗೇರಿಸಿಕೊಂಡರು. ಅಕ್ಕ ನಗಲಿಲ್ಲ. ನಿಮ್ಮಲ್ಲಿ ಎಲ್ಲರೂ ಊದಲೇಬೇಕಾ ಅಂತ ಕೇಳಿದಳು. ಹೂಂ ಅಂದೆ. ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದಳು. ಐದನೇ ತಿಂಗಳು, ಊಟ ಸೇರಲ್ಲ ಅಂದುಕೊಂಡೆ.

ಕಾಲೇಜ್ ಹಾಸ್ಟೆಲ್ ಲಿಸ್ಟ್ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಅಕ್ಕನ ಮನೆ ಸೋಫಾನೇ ನನ್ನ ರೂಮ್.

ಸೆಪ್ಟೆಂಬರ್ 5, ಗುರುವಾರ

ಅನಾಟಮಿ ಕ್ಲಾಸ್ ಕ್ಯಾನ್ಸಲ್. ಅಕ್ಕ ಕೆಲಸ ಮಾಡುವ ಸಲೂನಿಗೆ ಹೋದೆ, ಒಟ್ಟಿಗೆ ಮನೆಗೆ ಹೋಗೋಣ ಅಂತ. ಚಪ್ಪಲಿ ಅಂಗಡಿಯ ಮೇಲಿನ ಮಹಡಿ. ಒಳಗಿಲ್ಲ. ಹಿಂದಿನ ಮೆಟ್ಟಿಲಿಗೆ ಹೋಗು ಅಂದರು.

ಮೂರನೇ ಮೆಟ್ಟಿಲ ಮೇಲೆ ಕೂತಿದ್ದಳು. ಏಪ್ರನ್ ತುಂಬ ಯಾರದೋ ಕತ್ತರಿಸಿದ ಕೂದಲು. ಒಂದು ಕೈ ಹೊಟ್ಟೆ ಮೇಲೆ. ಇನ್ನೊಂದರಲ್ಲಿ ಸಿಗರೇಟು. ಮೂರು ತಿಂಗಳಿಂದ ಇವಳ ಬಾಯಲ್ಲಿ ಪುದೀನ ಗುಳಿಗೆ — ವಾಕರಿಕೆಗೆ ಅಂತ ನಂಬಿದ್ದೆ. ಎಂಥ ಪೆದ್ದಿ ನಾನು.

“ಬಂದ್ಯಾ ಇನ್‌ಸ್ಪೆಕ್ಟರ್. ಕೂತ್ಕೋ.”

ಕೂತೆ. ಮೊದಲು ದಿನಕ್ಕೆ ಹನ್ನೆರಡಂತೆ. ಗೊತ್ತಾದ ದಿನದಿಂದ ನಾಲ್ಕಕ್ಕೆ ಇಳಿಸಿದಾಳಂತೆ. ಒಂದೇ ಸಲ ಬಿಟ್ಟರೆ ಮಗುವಿಗೆ ಶಾಕ್ ಆಗುತ್ತೆ ಅಂತ ಪಕ್ಕದ ಕುರ್ಚಿಯವಳು ಹೇಳಿದ್ದಾಳೆ. ಅದು ಸುಳ್ಳು, ಕ್ಲಾಸಲ್ಲಿ ಹೇಳಿದಾರೆ ಅಂದೆ. ಮಗುವಿಗೆ ಹೋಗುವ ಆಮ್ಲಜನಕ ಕಡಿಮೆಯಾಗುತ್ತೆ, ತೂಕ ಏರಲ್ಲ, ದಿನ ತುಂಬುವ ಮೊದಲೇ ಹುಟ್ಟಬಹುದು… ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ.

“ನಿಮ್ ಕ್ಲಾಸಿನವ್ರು ದಿನಾ ಹತ್ತು ಗಂಟೆ ನಿಂತ್ಕೊಂಡು ಇನ್ನೊಬ್ರ ತಲೆ ತೊಳೀತಾರಾ?” ಅಂದಳು. ಸಿಟ್ಟಿನಿಂದಲ್ಲ. ಸುಸ್ತಿನಿಂದ.

ಆಮೇಲೆ ಹೇಳಿದ್ದು ನಿಜಕ್ಕೂ ಗೊತ್ತಿರಲಿಲ್ಲ. ಸಲೂನಿನಲ್ಲಿ ಬ್ರೇಕ್ ಸಿಗೋದು ಸೇದುವವರಿಗೆ ಮಾತ್ರ. ದಿನಕ್ಕೆ ನಾಲ್ಕು ಸಲ, ಐದೈದು ನಿಮಿಷ. ಓನರಮ್ಮನೂ ಸೇದ್ತಾರಲ್ಲ, ಆ ಕಷ್ಟ ಅವರಿಗೆ ಅರ್ಥವಾಗುತ್ತೆ. ಸುಮ್ಮನೆ ಕಾಲು ನೋಯುತ್ತೆ ಅಂತ ಕೂತರೆ ಕೈಗೆ ಪೊರಕೆ ಬರುತ್ತೆ. ನಾಲ್ಕು ಸಿಗರೇಟು ಅಂದರೆ ನಾಲ್ಕು ಸಲ ಕೂರುವುದು.

ಭಾವನಿಗೆ ಗೊತ್ತಿಲ್ಲ. ಅವಳು ಬಿಟ್ಟೇಬಿಟ್ಟಳು ಅಂತ ಎಲ್ಲರ ಹತ್ತಿರ ಕೊಚ್ಚಿಕೊಳ್ಳುತ್ತಾರೆ. ತಾವು ಮಾತ್ರ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಸೇದುತ್ತಾರೆ, ಮಹಾ ತ್ಯಾಗ ಮಾಡಿದವರ ಥರ.

ಯಾರಿಗೂ ಹೇಳಬೇಡ ಅಂದಳು. ಪ್ರಾಮಿಸ್ ಅಂದೆ. ಯೋಚನೆ ಮಾಡುವ ಮೊದಲೇ ಬಾಯಿಂದ ಬಂತು. ಆರನೇ ವಯಸ್ಸಿನಿಂದ ಹಾಸ್ಟೆಲ್. ಅಲ್ಲಿ ಕಲಿತ ಮೊದಲ ಪಾಠ ಅದೇ — ವಾರ್ಡನ್ ಕೇಳಿದರೆ ‘ಗೊತ್ತಿಲ್ಲ ಮ್ಯಾಮ್’. ಚಾಡಿ ಹೇಳಿದವಳ ಜೊತೆ ಒಂದು ಟರ್ಮ್ ಯಾರೂ ಮಾತಾಡುತ್ತಿರಲಿಲ್ಲ.

ಸೆಪ್ಟೆಂಬರ್ 9, ಸೋಮವಾರ. ಮಧ್ಯಾಹ್ನ, ಲೈಬ್ರರಿ

ನಡೆದದ್ದನ್ನು ನಡೆದ ಹಾಗೇ ಬರೀತೀನಿ.

ಅಕ್ಕನ ಮೊದಲ ವಿಸಿಟ್ ನಮ್ಮ ಆಸ್ಪತ್ರೆಯಲ್ಲಿ. ನನ್ನ ಮೇಜಿಗೇ ಬರಬೇಕಾ. ಸಾಲಿನಲ್ಲಿ ಹದಿಮೂರನೆಯವಳು. ಕೂತಳು. ಸೇದ್ತೀರಾ ಅಂತ ಫಾರಂನಲ್ಲಿದೆ, ಕೇಳಲೇಬೇಕು, ಕೇಳಿದೆ. ‘ಇಲ್ಲ’ ಅಂದಳು, ನನ್ನನ್ನು ಯಾರೋ ಅನ್ನುವ ಹಾಗೆ ನೋಡುತ್ತಾ. ಟಿಕ್ ಹಾಕಿದೆ.

ಹೇಗೆ ಊದಬೇಕು ಅಂತ ಕೇಳಿದಳು. ಊದಿ ತೋರಿಸಿದೆ. ಒಂದು. ಅಷ್ಟರಲ್ಲಿ ಮೇಡಂ ಬೆನ್ನ ಹಿಂದೆ ಬಂದು ನಿಂತು, ಸಾಲು ಬೆಳೀತಿದೆ, ಎಷ್ಟು ಬಂತು ಅಂತ ಕೇಳಿದರು.

“ಒಂದು, ಮ್ಯಾಮ್,” ಅಂದೆ.

ಸುಳ್ಳಲ್ಲ. ಪರದೆ ಮೇಲೆ ಒಂದೇ ಇತ್ತು. ಬರಿ ಬೇಗ ಅಂದರು. ಬರೆದೆ. ಸೈನ್ ಹಾಕಿದೆ. ಅಕ್ಕ ಕಾರ್ಡು ತೆಗೆದುಕೊಂಡು ಎದ್ದಳು. ಅವಳಿಗೆಂದು ತೆಗೆದಿಟ್ಟ ಹೊಸ ಕೊಳವೆ ಮೇಜಿನ ಮೇಲೇ ಇತ್ತು, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ.

ಕರೆಯಬಹುದಿತ್ತು. ಹದಿನಾಲ್ಕನೆಯವರು ಬಂದು ಕೂತರು.

ಅದೇ ದಿನ. ಸಂಜೆ

ಅಕ್ಕ ನನ್ನ ತಲೆಗೆ ಎಣ್ಣೆ ಹಚ್ಚಿದಳು. ಹಣೆ ಮೇಲಿನ ಕೂದಲು ಕತ್ತರಿಸಿ ಸರಿ ಮಾಡಿದಳು. “ನೀನಿದ್ದಿದ್ದಕ್ಕೆ ಮರ್ಯಾದೆ ಉಳೀತು ಕಣೇ. ಇಲ್ದಿದ್ರೆ ಅಷ್ಟು ಜನದ ಮುಂದೆ ಆ ಕಿಟಕಿ ಮಾತು ನನಗೂ ಬೀಳ್ತಿತ್ತು.”

ಕಿಟಕಿ ಮಾತು. ಅದನ್ನು ಈ ಮನೆಗೆ ತಂದವಳು ನಾನೇ. ಮಿಮಿಕ್ರಿ ಮಾಡಿ.

ಬಿಟ್ಟುಬಿಡು ಅಕ್ಕ ಅಂದೆ. ಹೂಂ, ನಾಳೆಯಿಂದ ಅಂದಳು.

ಸೆಪ್ಟೆಂಬರ್ 14, ಶನಿವಾರ

ನಾಲ್ಕು ದಿನ ಆಯಿತು. ಒಂದೂ ಇಲ್ಲ! ಭಾವನ ಮೇಲೆ ಚಮಚ ಎಸೆದಳು. ಎಸೆಯಲಿ. ಎಷ್ಟು ಬೇಕಾದರೂ ಎಸೆಯಲಿ.

ಸೆಪ್ಟೆಂಬರ್ 19, ಗುರುವಾರ

ಮುಗೀತು. ಎಂಟು ದಿನ ತಡೆದಿದ್ದಳು. ಬ್ರೇಕಿನಲ್ಲಿ ಬರಿಗೈಯಲ್ಲಿ ಹೋಗಿ ಮೆಟ್ಟಿಲ ಮೇಲೆ ಕೂತಿದ್ದಾಳೆ. ಓನರಮ್ಮ ಬಂದು, ಸೇದ್ತಿಲ್ಲ ಅಂದಮೇಲೆ ಇಲ್ಲೇನು ಕೆಲಸ, ಒಳಗೆ ಕಸ್ಟಮರ್ ಕಾಯ್ತಿದಾರೆ ಅಂದರಂತೆ. ಕಾಲು ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಹಚ್ಚಿದಳು. ಈಗ ಮತ್ತೆ ನಾಲ್ಕು.

ಓನರಮ್ಮನ ಹತ್ತಿರ ನಾನು ಮಾತಾಡ್ತೀನಿ ಅಂದೆ. ಕೆಲಸ ಹೋದ್ರೆ ನೀನು ಕೊಡಿಸ್ತೀಯಾ ಅಂದಳು.

ಸೆಪ್ಟೆಂಬರ್ 30, ಸೋಮವಾರ

ಹಾಸ್ಟೆಲ್ ಲಿಸ್ಟ್ ಬಂತು. ರೂಮ್ 27. ಪೋಸ್ಟಿಂಗ್ ಕೂಡ ಬದಲಾಯಿತು — ಲಿನೆನ್ ರೂಮ್. ಬೆಡ್‌ಶೀಟ್ ಎಣಿಸುವುದು. ಖುಷಿಯಾಯಿತು. ನಾಚಿಕೆ ಪಡುವಷ್ಟು ಖುಷಿಯಾಯಿತು.

ನವೆಂಬರ್ 4, ಸೋಮವಾರ

ಒಂದು ತಿಂಗಳ ಮೇಲಾಯಿತು ಬರೆದು. ಅಕ್ಕನ ಮನೆಗೆ ಹೋದದ್ದು ಎರಡು ಸಲ. ಎರಡು ಸಲವೂ ಕಿಟಕಿ ಕಡೆ ನೋಡದ ಹಾಗೆ ಕೂತೆ.

ಇವತ್ತು ಸ್ಕ್ಯಾನ್, ಇಪ್ಪತ್ತೊಂಬತ್ತನೇ ವಾರ. ಜೊತೆಗೆ ಹೋಗಿದ್ದೆ. ಡಾಕ್ಟರ್ ಅಳತೆ ತೆಗೆದರು, ಮತ್ತೆ ತೆಗೆದರು, ಮೂರನೇ ಸಲವೂ ತೆಗೆದರು. ಮಗು ಇಪ್ಪತ್ತಾರು ವಾರದಷ್ಟೇ ಇದೆ. ರಕ್ತದ ಹರಿವು ಸಾಲದು.

ಕಾರ್ಡು ತಿರುಗಿಸಿದರು. ಬಿಪಿ ಸರಿ. ಶುಗರ್ ಸರಿ. ಸೇದುವುದಿಲ್ಲ, ರೀಡಿಂಗ್ ಒಂದು. “ಹಾಗಾದ್ರೆ ಯಾಕೆ?” ಅಂತ ತಮಗೆ ತಾವೇ ಅಂದುಕೊಂಡು ಟೆಸ್ಟ್ ಬರೆದರು. ಆರು ಟ್ಯೂಬ್ ರಕ್ತ. ಸೋಂಕಿಗೆ, ಹೆಪ್ಪುಗಟ್ಟುವ ಕಾಯಿಲೆಗೆ, ಇನ್ನೇನಕ್ಕೋ. ಅಕ್ಕ ತೋಳು ಚಾಚಿ ಗೋಡೆ ನೋಡುತ್ತಿದ್ದಳು. ನಾನು ನನ್ನ ಸೈನ್ ನೋಡುತ್ತಿದ್ದೆ.

ಹೊರಗೆ ಬಂದಮೇಲೆ ಹೇಳಿಬಿಡೋಣ ಅಂದೆ. ಈಗ ಹೇಳಿದರೆ ನಿನ್ನನ್ನು ಕಾಲೇಜಿಂದ ಓಡಿಸ್ತಾರೆ ಅಂದಳು. ಅವಳು ನನಗಾಗಿ ಹೆದರಿದಳೋ, ತನಗಾಗಿಯೋ… ನನ್ನ ಬಾಯಿ ಮುಚ್ಚಿಸಲು ಸಾಕಾಗುವಷ್ಟು ಹೆದರಿಕೆ ಮಾತ್ರ ಅದರಲ್ಲಿತ್ತು.

ನವೆಂಬರ್ 6, ಬುಧವಾರ

ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಪ್ರಾಮಿಸ್ ಮುರಿದೆ. ಅಮ್ಮ ಬೈತಾಳೆ, ಬಸ್ ಹತ್ತಿ ಬಂದು ಅಕ್ಕನ ಕೈಯಿಂದ ಸಿಗರೇಟು ಕಿತ್ತುಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅಮ್ಮ ನಕ್ಕಳು.

“ಸಣ್ಣ ಮಗು ಆದ್ರೆ ಹೆರಿಗೆ ಸಲೀಸು, ಬಿಡೇ. ನಿನ್ನನ್ನ ಹೊತ್ತಾಗ ನಾನೇನು ಬಿಟ್ಟಿದ್ನಾ? ಒಂದೂಮುಕ್ಕಾಲು ಕೇಜಿ ಇದ್ದೆ ನೀನು, ಇಲಿ ಮರಿ ಥರ. ಈಗ ನೋಡು, ನನಗೇ ಬುದ್ಧಿ ಹೇಳೋಷ್ಟು ಬೆಳೆದಿದೀಯ.”

ಅಮ್ಮ ಸೇದುತ್ತಿದ್ದಳು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅವಳ ಮಾತಿಗೆ ಸಾಕ್ಷಿಯಾಗಿ ನಾನೇ ನಿಂತಿದ್ದೇನೆ, ಐದಡಿ ಎರಡಿಂಚು. ಚಿಕ್ಕವಳಿದ್ದಾಗ ಆರು ಚಳಿಗಾಲ ಉಬ್ಬಸದಿಂದ ಸಿಕ್‌ರೂಮಿನಲ್ಲಿ ಮಲಗಿದ್ದನ್ನು ಹೇಳಬಹುದಿತ್ತು. ಅದು ಹಾಸ್ಟೆಲ್‌ನಲ್ಲಿ ನಡೆದದ್ದು. ಅಮ್ಮ ನೋಡಿಲ್ಲ.

ನವೆಂಬರ್ 12, ಮಂಗಳವಾರ

ಕಾರ್ಡಿನಲ್ಲಿ ತಪ್ಪು ಬರೆದಿದ್ದರೆ ಏನು ಮಾಡಬೇಕು ಅಂತ ಮೇಡಂನ ಕೇಳಿದೆ. ಸುಮ್ಮನೆ, ಡೌಟ್ ಕೇಳಿದ ಹಾಗೆ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದು ಬರೆದು, ತಾರೀಖು ಹಾಕಿ ಸೈನ್ ಮಾಡು, ತಪ್ಪು ಎಲ್ಲರೂ ಮಾಡ್ತಾರೆ ಅಂದರು. ಯಾವ ಕಾರ್ಡು ಅಂತ ಕೇಳಿದರು.

ಪರೀಕ್ಷೆಗೆ ಓದ್ತಿದೀನಿ ಮ್ಯಾಮ್ ಅಂದೆ.

ಗುಡ್ ಅಂದರು.

ನವೆಂಬರ್ 28, ಗುರುವಾರ. ಬೆಳಿಗ್ಗೆ 10.40, ಲೇಬರ್ ವಾರ್ಡಿನ ಹೊರಗೆ

ಎಂಟು ಗಂಟೆಗೆ ಅಕ್ಕನ ಫೋನ್. ನಿನ್ನೆಯಿಂದ ಒದೀತಿಲ್ಲ, ನಿದ್ದೆ ಮಾಡ್ತಿರಬೇಕು ಅಂದಳು. ಆಟೋ ಹಿಡಿದು ನೇರ ಬಾ ಅಂದೆ. ಮೂವತ್ತೆರಡು ವಾರ ಮುಗಿದು ಮೂರು ದಿನ.

ಹೊಟ್ಟೆಗೆ ಬೆಲ್ಟ್ ಕಟ್ಟಿದರು. ಎದೆಬಡಿತದ ಗೆರೆ ಪೇಪರಿನ ಮೇಲೆ ಸಪ್ಪಗೆ ಹೋಗುತ್ತಿತ್ತು. ಡಾಕ್ಟರ್ ಬಂದರು, ಮೇಡಂ ಬಂದರು. ಟೆಸ್ಟುಗಳಲ್ಲಿ ಏನೂ ಸಿಕ್ಕಿಲ್ಲ, ನಾವೇನಾದರೂ ಮಿಸ್ ಮಾಡಿದ್ದೀವಾ ಅಂತ ಡಾಕ್ಟರ್ ಕೇಳಿದರು. ಎಲ್ಲರನ್ನೂ ನೋಡುತ್ತಾ ಕೇಳಿದರು. ನನ್ನನ್ನೂ.

ನಾನು ಬಾಯಿ ತೆರೆದೆ. ಒಳಗೆ ‘ಗೊತ್ತಿಲ್ಲ ಮ್ಯಾಮ್’ ಬಿಟ್ಟು ಬೇರೆ ಯಾವ ಮಾತೂ ಇರಲಿಲ್ಲ.

ಹೇಳಿದ್ದು ಅಕ್ಕ.

“ನಾನು ಸೇದ್ತೀನಿ ಡಾಕ್ಟ್ರೇ. ದಿನಕ್ಕೆ ನಾಲ್ಕು. ನಿನ್ನೆವರೆಗೂ.”

ಮೇಡಂ ಕಾರ್ಡು ಹಿಡಿದು, ಮತ್ತೆ ಈ ಒಂದು ಎಲ್ಲಿಂದ ಬಂತು ಅಂತ ಕೇಳಿದರು. ಅಕ್ಕ ನನ್ನ ಕಡೆ ನೋಡಲೇ ಇಲ್ಲ. “ಅವಳು ಪೆನ್ ಹುಡುಕ್ತಿದ್ದಾಗ ಊದಿದ ಹಾಗೆ ನಾಟಕ ಮಾಡ್ದೆ. ಪರದೆ ಮೇಲಿದ್ದಿದ್ದು ಅವಳದ್ದೇ ನಂಬರು. ಅವಳಿಗೇನೂ ಗೊತ್ತಿಲ್ಲ.”

ಡಾಕ್ಟರ್ ಬೈಯಲಿಲ್ಲ. ಎಷ್ಟು ವರ್ಷದಿಂದ, ಮೊದಲು ಎಷ್ಟು ಸೇದುತ್ತಿದ್ದೆ, ಎಲ್ಲಿ ಕೆಲಸ — ಕೇಳಿ ಬರೆದುಕೊಂಡರು. ಇದನ್ನು ಸೆಪ್ಟೆಂಬರ್‌ನಲ್ಲಿ ಹೇಳಿದ್ದರೆ ಬಿಡಿಸೋಕೆ ನಮ್ಮಲ್ಲೇ ಜನ ಇದ್ದರು, ಕೂತು ಕೆಲಸ ಮಾಡಲು ಬಿಡಿ ಅಂತ ಸಲೂನಿಗೆ ಪತ್ರವನ್ನೂ ಕೊಡ್ತಿದ್ವಿ ಅಂದರು. ಅಷ್ಟೇ. ಆಪರೇಷನ್‌ಗೆ ರೆಡಿ ಮಾಡಿ ಅಂದರು.

ಮೇಡಂ ನನ್ನನ್ನು ಹೊರಗೆ ಕರೆದುಕೊಂಡು ಬಂದು ಬೆಂಚಿನ ಮೇಲೆ ಕೂರಿಸಿದರು. ಬೆನ್ನು ಸವರಿದರು. ನಿನ್ನದೇನೂ ತಪ್ಪಿಲ್ಲ ಮಗು, ಸ್ವಂತ ಅಕ್ಕನೇ ಹೀಗೆ ಮೋಸ ಮಾಡಿದರೆ ನೀನು ತಾನೆ ಏನು ಮಾಡ್ತೀಯ ಅಂದರು. ಟೀ ತರಿಸಿಕೊಟ್ಟರು.

ಕುಡಿದೆ. ಪೂರ್ತಿ.

ನವೆಂಬರ್ 28. ಮಧ್ಯಾಹ್ನ 1.15

ಗಂಡು. 1080 ಗ್ರಾಂ. ಅಳಲಿಲ್ಲ. ಉಸಿರಿಗೆ ಮಶೀನ್ ಹಾಕಿದಾರೆ.

ಭಾವ ಗೋಡೆಗೆ ಹಣೆ ಒತ್ತಿ ನಿಂತಿದ್ದಾರೆ. ಜೇಬಿನಿಂದ ಪ್ಯಾಕ್ ತೆಗೆದರು, ನೋಡಿದರು, ಹೊರಗೆ ಹೋದರು. ಹತ್ತು ನಿಮಿಷಕ್ಕೆ ವಾಪಸ್ ಬಂದರು. ಮೈಯೆಲ್ಲ ಅದೇ ವಾಸನೆ.

ಡಿಸೆಂಬರ್ 1, ಭಾನುವಾರ. ಬೆಳಿಗ್ಗೆ 11.30

ಮಗುವಿಗೆ ಮೂರು ದಿನ. ಮುಂದಿನ ಒಂದು ವಾರ ಏನನ್ನೂ ಹೇಳಲು ಬರುವುದಿಲ್ಲವಂತೆ.

ಇವತ್ತು ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗಿ ತೋರಿಸಿದೆ. ಗಾಜಿನ ಪೆಟ್ಟಿಗೆ. ಡಯಾಪರ್ ಎದೆವರೆಗೂ ಬರುತ್ತೆ. ಪಕ್ಕೆಲುಬು ಎಣಿಸಬಹುದು, ಪ್ರತಿ ಉಸಿರಿಗೂ ಒಳಗೆ ಹೋಗುತ್ತೆ. ಅಕ್ಕ ಮೂರು ಸಲ ಕೈ ತೊಳೆದಳು, ಆಮೇಲೂ ಮೂಸಿ ನೋಡಿಕೊಂಡಳು. ಪೆಟ್ಟಿಗೆಯ ರಂಧ್ರದೊಳಗೆ ಕೈ ಹಾಕಲಿಲ್ಲ. ಮುಟ್ಟಬಹುದು ಅಂತ ನರ್ಸ್ ಹೇಳಿದರೂ ಹಾಕಲಿಲ್ಲ.

ಅಕ್ಕ, ನನ್ನ ಹೆಸರು ಯಾಕೆ ಉಳಿಸಿದೆ ಅಂತ ಕೇಳಿದೆ. ಇಬ್ಬರೂ ಮುಳುಗಿ ಏನು ಉಪಯೋಗ ಅಂದಳು. ಮಶೀನ್ ಅವನಿಗೆ ಉಸಿರು ಊದುತ್ತಿತ್ತು.

ಆಮೇಲೆ, ಮಗುವಿನಿಂದ ಕಣ್ಣು ತೆಗೆಯದೆ —

“ನಾನು ಅವತ್ತು ಊದಿದ್ದಿದ್ರೆ… ಅವತ್ತಿಂದ ಬಿಡಿಸಿದ್ದಿದ್ರೆ… ಇವನು ಇಷ್ಟು ಸಣ್ಣ ಆಗ್ತಿರಲಿಲ್ಲ, ಅಲ್ವಾ? ಸಮಾಧಾನಕ್ಕೆ ಹೇಳ್ಬೇಡ. ನೀನು ಓದ್ತಿರೋದು ಇದನ್ನೇ ತಾನೇ.”

ಇದನ್ನೇ. ಯಾವ ತಿಂಗಳಲ್ಲಿ ಬಿಟ್ಟರೂ ಮಗುವಿಗೆ ಲಾಭ, ಬೇಗ ಬಿಟ್ಟಷ್ಟೂ ಹೆಚ್ಚು. ಹೋದ ವಾರದ ಟೆಸ್ಟಿನಲ್ಲಿ ಎರಡು ಮಾರ್ಕಿನ ಪ್ರಶ್ನೆ. ಎರಡೂ ಬಂದಿತ್ತು. ಇವನ ವಿಷಯದಲ್ಲಿ ಖಚಿತವಾಗಿ ಯಾರೂ ಹೇಳಲಾರರು, ಅದೂ ನಿಜ. ಯಾವ ನಿಜ ಮೊದಲು ಹೇಳಬೇಕು ಅಂತ ಮಾತ್ರ ಯಾರೂ ಕಲಿಸಿಲ್ಲ.

ಕುರ್ಚಿಯ ಮುಂದೆ ಮಂಡಿಯೂರಿ ಕೂತೆ. ಅವಳು ಈಗ ನನ್ನನ್ನೇ ನೋಡುತ್ತಿದ್ದಳು. ಅಕ್ಕ ಅಂದೆ. ಅವತ್ತು ನಾನು ನಿನ್ನನ್ನು ವಾಪಸ್ ಕರೆದಿದ್ದರೆ ಇವನು ಇಷ್ಟು ಸಣ್ಣ ಆಗದೇ ಇರಬಹುದಿತ್ತು, ಕರೆಯದೇ ಇದ್ದವಳು ನಾನು.