ನೂರಹತ್ತು ಆಂಪಿಯರ್

ಮಾರ್ಚ್ 3, ಸೋಮವಾರ

ಇವತ್ತೂ ಬ್ರೇಕರ್ ಟ್ರಿಪ್. ಭಾನುವಾರ ಲಾಂಡ್ರಿಗೆ ರಜೆ. ಸೋಮವಾರ ಬೆಳಗ್ಗೆ ಟ್ರಾನ್ಸ್‌ಫಾರ್ಮರ್ ಆನ್ ಮಾಡಿದ ಕೂಡಲೇ ಬ್ರೇಕರ್ ಠಪ್ ಅಂತ ಬೀಳುತ್ತದೆ. ಭಾವ ಮತ್ತೆ ಮತ್ತೆ ಎತ್ತಿದ ಮೇಲೆ ಹೇಗೋ ನಿಂತಿತು. ಅಷ್ಟರಲ್ಲಿ ಆಸ್ಪತ್ರೆಯ ಬೆಡ್‌ಶೀಟ್ ರಾಶಿ ಬಾಗಿಲ ತನಕ.

ಮ್ಯಾನೇಜರ್ ಎಲ್ಲರೆದುರೇ ಅಂದರು — "ನಿಮ್ಮ ಲೆಕ್ಕ ಪೇಪರ್ ಮೇಲೆ ಚೆನ್ನಾಗಿದೆ ಕಣ್ರಿ. ಗೋಡೆ ಮೇಲೆ ನಿಲ್ತಿಲ್ಲ."

ಲೆಕ್ಕ ಸರಿಯೇ ಇದೆ. ಎಣ್ಣೆಯಿಲ್ಲದ ಡ್ರೈ ಟೈಪ್ ಟ್ರಾನ್ಸ್‌ಫಾರ್ಮರ್, ತೊಂಬತ್ತು ಆಂಪಿಯರಿನದು. ಈಚೆ ಕಡೆ, ಕರೆಂಟ್ ಒಳಬರುವಲ್ಲಿ, ಒಂದೇ ಬ್ರೇಕರ್ ಇದ್ದರೆ ಅದು ತೊಂಬತ್ತರ ಮೇಲೆ ಕಾಲು ಭಾಗಕ್ಕಿಂತ ಹೆಚ್ಚಿನದಾಗಿರುವಂತಿಲ್ಲ. ನೂರಹತ್ತು ಹಾಕಿಸಿದೆ. ಆದರೆ ಆನ್ ಮಾಡಿದ ಕ್ಷಣ ಅದು ಹತ್ತು ಪಟ್ಟು ಕರೆಂಟ್ ಎಳೆಯುತ್ತದೆ... ಗೊತ್ತಿತ್ತು. ಆದರೂ ಹಟ.

ಮಾರ್ಚ್ 5

ಊಟದ ಹೊತ್ತಿಗೆ ಭಾವ ಮಾತು ತೆಗೆದರು. ಲಾಂಡ್ರಿಯ ಎಲೆಕ್ಟ್ರಿಷಿಯನ್ ಅವರೇ. ನಾನು ಇರುವುದೂ ಅವರ ಮನೆಯ ಮಹಡಿ ಮೇಲೆ.

"ಎಂಜಿನಿಯರ್ ಸಾಹೇಬ್ರೇ, ಸ್ವಲ್ಪ ದೊಡ್ಡ ಬ್ರೇಕರ್ ಹಾಕ್ಬಿಡೋಣ್ವೇನಪ್ಪಾ?"

"ಡಿಸೈನ್ ನನಗೆ ಬಿಡಿ ಭಾವ."

ಅಕ್ಕ ನನ್ನನ್ನೇ ದುರುಗುಟ್ಟಿ ನೋಡಿದಳು. ಭಾವ ತಟ್ಟೆ ಎತ್ತಿಕೊಂಡು ಎದ್ದರು. ದೊಡ್ಡದು ಹಾಕಬಹುದು, ಆದರೆ ಆಚೆ ಕಡೆಗೂ, ಯಂತ್ರಗಳಿಗೆ ಕರೆಂಟ್ ಹೋಗುವಲ್ಲಿ, ಒಂದು ಬ್ರೇಕರ್ ಬೇಕು, ಅಲ್ಲಿ ಈಗಿರುವುದು ಬರೀ ಐಸೊಲೇಟರ್, ಕೈಯಿಂದ ಎಳೆಯುವ ಸ್ವಿಚ್ಚು, ತಾನಾಗಿ ಬೀಳುವುದಿಲ್ಲ — ಇಷ್ಟು ಹೇಳಲು ನನಗೇನು ಬಾಯಿ ಬಿದ್ದುಹೋಗಿತ್ತೇ? ಸಿಟ್ಟು ಮ್ಯಾನೇಜರ್ ಮೇಲೆ. ತೀರಿಸಿಕೊಂಡದ್ದು ಭಾವನ ಮೇಲೆ.

ಮಾರ್ಚ್ 10, ಸೋಮವಾರ

ಬೀಳಲಿಲ್ಲ! ಒಂದೇ ಸಲಕ್ಕೆ ನಿಂತಿತು. ಭಾವ ಬೆನ್ನು ತಟ್ಟಿದರು — "ನೋಡಪ್ಪಾ, ನಿನ್ನ ಲೆಕ್ಕಾನೇ ಗೆದ್ದಿತು." ಮ್ಯಾನೇಜರ್ ಮಧ್ಯಾಹ್ನ ಮೆಲ್ಲಗೆ ಬಂದು, ಇನ್ನೊಂದು ದೊಡ್ಡ ಇಸ್ತ್ರಿ ಯಂತ್ರ ಇದಕ್ಕೇ ಕೊಡಬಹುದಾ ಅಂದರು.

"ಕೊಟ್ಟು ನೋಡಿ. ಹೆಚ್ಚಾದ್ರೆ ಬ್ರೇಕರ್ ಬೀಳುತ್ತೆ, ಆಮೇಲೆ ನೋಡೋಣ" ಅಂದೆ. ಎಷ್ಟು ಠೀವಿಯಿಂದ ಅಂದೆ.

ಮಾರ್ಚ್ 21

ಭಾವನ ಕೈ.

ಬರೆಯಲು ಆಗುತ್ತಿಲ್ಲ.

ಮಾರ್ಚ್ 22

ಹೊಸ ಇಸ್ತ್ರಿ ಯಂತ್ರದ ಹೊರೆ ಬಿದ್ದರೂ ಬ್ರೇಕರ್ ಬೀಳಲೇ ಇಲ್ಲ. ಟ್ರಾನ್ಸ್‌ಫಾರ್ಮರ್ ಒಳಗೊಳಗೇ ಸುಟ್ಟಿತು. ಕೋಣೆ ತುಂಬ ಹೊಗೆ. ಭಾವ ನುಗ್ಗಿ ಆಚೆ ಕಡೆಯ ಹಿಡಿ ಎಳೆದಿದ್ದಾರೆ. "ಯಾಕೋ ಬೀಳ್ತಿಲ್ಲ ಇದು" ಎಂದು ಕೂಗುತ್ತಿದ್ದರಂತೆ. ಅಷ್ಟು ಕರೆಂಟ್ ಹರಿಯುವಾಗ ಐಸೊಲೇಟರ್ ಎಳೆದರೆ ಬೆಂಕಿ ಚಿಮ್ಮುತ್ತದೆ. ಎರಡೂ ಕೈ.

ಇವತ್ತು ಆ ಕೋಣೆಗೆ ಹೋದೆ. ಈಚೆ ಬ್ರೇಕರಿನ ಹಿಡಿ ಮೇಲಿನ ಮಸಿ ಹೆಬ್ಬೆರಳಿನಿಂದ ಒರೆಸಿದೆ. 225.

ನೂರಹತ್ತಲ್ಲ. ಇನ್ನೂರಿಪ್ಪತ್ತೈದು. ಗಾತ್ರ ಅದೇ, ಮುಖ ಅದೇ, ಅಂಕಿ ಮಾತ್ರ ಬೇರೆ. ಅಷ್ಟು ದಾಟುವ ತನಕ ಅದು ಬೀಳುವುದಿಲ್ಲ. ಸ್ಟೋರ್‌ನವನು ಹೇಳಿದ — ರಜೆಯ ದಿನ ಭಾವನೇ ಬಂದು ಒಯ್ದರಂತೆ. "ಹುಡುಗ ನೊಂದ್ಕೊಂಡಿದಾನೆ, ಅವನ ಮರ್ಯಾದೆ ಉಳೀಲಿ. ಅವನಿಗೆ ಹೇಳ್ಬೇಡ" ಅಂದರಂತೆ.

ಆ ಸೋಮವಾರ ಗೆದ್ದದ್ದು ನನ್ನ ಲೆಕ್ಕವಲ್ಲ.

ಮಾರ್ಚ್ 24

ಅಕ್ಕ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಬೆರಳು ಉಳಿಯುವುದು ಕಷ್ಟ ಎಂದಿದ್ದಾರೆ ಡಾಕ್ಟರ್. ಅವಳು ನೀರು ತರಲು ಹೋದಾಗ ಭಾವ ಪಿಸುಗುಟ್ಟಿದರು.

"ಆಚೆ ಇರೋದೂ ಬ್ರೇಕರ್ ಅಂದ್ಕೊಂಡಿದ್ದೆ ಕಣೋ. ಅದಿದ್ರೆ ಈಚೆ ದೊಡ್ಡದು ಹಾಕ್ಬಹುದು, ಅಲ್ವಾ?"

"ಹಾಕಬಹುದು ಭಾವ."

"ಹಂಗಾದ್ರೆ ನಾನು ಅಷ್ಟೇನೂ ದಡ್ಡ ಅಲ್ಲ."

ನಗಲು ನೋಡಿದರು. ನಾನು ಹೊರಗೆ ಹೋಗಿ ಗೋಡೆಗೆ ಮುಖ ಕೊಟ್ಟು ಅತ್ತೆ. ಎಲ್ಲ ನನ್ನ ಒಂದು ಮಾತಿನಲ್ಲಿ ನಿಂತುಹೋಗುತ್ತಿತ್ತು. ಅವತ್ತು ಊಟದ ಹೊತ್ತಿಗೆ ಆ ಮಾತು ಆಡಲಿಲ್ಲ.

ಮಾರ್ಚ್ 26

ಮ್ಯಾನೇಜರ್ ಬಾಗಿಲು ಹಾಕಿಕೊಂಡು ಕೂರಿಸಿದರು. ನಾಳೆ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರ್ ವಿಚಾರಣೆಗೆ ಬರುತ್ತಾರಂತೆ. "ಯಾರಿಗೂ ಹೇಳ್ದೆ ನಿಮ್ಮ ಭಾವಾನೇ ಬದಲಾಯಿಸಿದ್ದು ಅಂತ ಇರೋದನ್ನೇ ಹೇಳಿ. ನೀವೂ ಬಚಾವ್, ನಾವೂ ಬಚಾವ್."

ಇರುವುದನ್ನೇ ಹೇಳಿದರೆ ಲಾಂಡ್ರಿ ಕೈ ತೊಳೆದುಕೊಳ್ಳುತ್ತದೆ. ಭಾವನಿಗೆ ಚಿಕಿತ್ಸೆಯೂ ಇಲ್ಲ, ಕೆಲಸವೂ ಇಲ್ಲ. ಕೈಯಂತೂ ಇಲ್ಲವೇ ಇಲ್ಲ. ನನ್ನ ಮೇಲೆ ಹಾಕಿಕೊಂಡರೆ ಭಾವನಿಗೆ ಪರಿಹಾರ ಸಿಗುತ್ತದೆ, ಆದರೆ ನನ್ನ ಲೈಸೆನ್ಸ್ ಹೋಗುತ್ತದೆ, ಬಹುಶಃ ಜೈಲು. ಮತ್ತೆ ಅಕ್ಕ ನನ್ನ ಮುಖ ನೋಡುತ್ತಾಳೆಯೇ? ಅವಳಿಗೆ ಇನ್ನೂ ಏನೂ ಗೊತ್ತಿಲ್ಲ.

ಎತ್ತ ತಿರುಗಿದರೂ ಕತ್ತಲೆ.

ಮಾರ್ಚ್ 27, ಆಸ್ಪತ್ರೆಯ ಬೆಂಚು

ಅಕ್ಕ ಈಗಷ್ಟೇ ಪಕ್ಕದಲ್ಲಿ ಕೂತಿದ್ದಳು. "ನಿಮ್ ಭಾವ ಬೆಳಗ್ಗೆಯಿಂದ ಒಂದೇ ಸಮ, ತಪ್ಪೆಲ್ಲ ನಂದೇ, ಅವನ ಹೆಸರು ಎತ್ತಬೇಡಿ ಅಂತಿದಾರೆ. ಏನೋ ಅದು?" ಎಂದಳು. ನನ್ನ ತಲೆ ಸವರಿ ಒಳಗೆ ಹೋದಳು.

ಇನ್ಸ್‌ಪೆಕ್ಟರ್ ಬಂದರು. ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾರೆ. ಭಾವ ಬಾಯಿ ತೆರೆಯುವ ಮೊದಲು ನಾನು ಹೇಳಬೇಕು. ಒಂದು ಸಲ ಬರೆದು ನೋಡುತ್ತೇನೆ, ಬಾಯಿಗೆ ಬರಲಿ —

ಸರ್, ಆ ಬ್ರೇಕರ್ ಹಾಕಿ ಅಂತ ಅವರಿಗೆ ಹೇಳಿದ್ದು ನಾ